ಬೈಗುಳ ಇಲ್ಲದ ಕಾಗದ

“ಕತ್ತೆ ಅಂತ ಬರಿ,” ಎಂದಳು ಅಜ್ಜಿ.

ಮೊಮ್ಮಗಳು ಬಟನ್, ಬರೆಯುತ್ತಿದ್ದ ಪೆನ್ನನ್ನು ಗಾಳಿಯಲ್ಲೇ ನಿಲ್ಲಿಸಿದಳು. “ಅಜ್ಜೀ, ಜೈಲಲ್ಲಿ ಇರೋರಿಗೆ ಕತ್ತೆ ಅಂತ ಬರೀಬಹುದಾ?”

“ಹೊರಗಿದ್ದಿದ್ರೂ ಬರೀತಿದ್ದೆ. ಹೂಂ, ಬರಿ. ‘ಕತ್ತೆ, ಕಾಜಾ ಅಂದ್ರೆ ಗುಂಡಿ ತೂರೋ ಕಿಂಡಿ. ನೀನು ಕಳಿಸಿರೋದು ಇಲಿ ಕಡಿದ ಹಾಗಿದೆ. ಕಣ್ಣು ಜೇಬಲ್ಲಿಟ್ಕೊಂಡು ಹೊಲಿದೆಯಾ? ದಾರ ಒತ್ತೊತ್ತಾಗಿ ಬರಬೇಕು.’”

ಬಟನ್ ಬರೆದಳು. ‘ನಮಸ್ಕಾರ. ನೀವು ಕಳಿಸಿದ ಕಾಜಾ ಬಹಳ ಸುಂದರವಾಗಿದೆ. ಧನ್ಯವಾದಗಳು.’

“ಓದು, ನೋಡೋಣ.”

ಬಟನ್ ಓದಿದಳು. ಕತ್ತೆ, ಇಲಿ, ಜೇಬು ಎಲ್ಲ ಸೇರಿಸಿಯೇ ಓದಿದಳು. ಅವಳ ಜ್ಞಾಪಕಶಕ್ತಿ ಚೆನ್ನಾಗಿತ್ತು.

ಅಜ್ಜಿ ದರ್ಜಿ. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯೇ ಅವಳ ಅಂಗಡಿ. ಮೊಮ್ಮಗಳು ಚಿಕ್ಕವಳು, ಕೈಯಿಂದ ಜಾರಿದರೆ ಎಲ್ಲಿ ಉರುಳಿ ಹೋದಳೋ ಗೊತ್ತಾಗುವುದಿಲ್ಲ ಎಂದು ಅವಳಿಗೆ ಬಟನ್ ಎಂದು ಹೆಸರಿಟ್ಟವಳೂ ಅಜ್ಜಿಯೇ.

ಹೋದ ವರ್ಷ ಒಬ್ಬ ಕಳ್ಳ ಅಜ್ಜಿಯ ಹೊಲಿಗೆ ಮಿಶನ್ ಹೊತ್ತುಕೊಂಡು ಹೋದ. ಪೊಲೀಸರು ಅವನನ್ನು ಹಿಡಿದು, ಮಿಶನ್ ತಂದುಕೊಟ್ಟರು. ಅದರೊಳಗೆ ಕೆಳಗಿನ ದಾರದ ಉರುಳೆ ಕೂರುವ ಬಾಬಿನ್ ಕೇಸ್ ಮಾತ್ರ ಇರಲಿಲ್ಲ. ಅಜ್ಜಿ ನೇರವಾಗಿ ಜೈಲಿಗೇ ಕಾಗದ ಹಾಕಿದಳು: ‘ಮಿಶನ್ ಬಂತು. ಬಾಬಿನ್ ಕೇಸ್ ಎಲ್ಲಿಟ್ಟೆ?’

‘ಓಡುವಾಗ ಚರಂಡಿಗೆ ಬಿತ್ತಮ್ಮಾ. ತಪ್ಪಾಯಿತು,’ ಎಂದು ಉತ್ತರ ಬಂತು.

‘ಕದಿಯೋದಾದ್ರೂ ನೆಟ್ಟಗೆ ಕದಿಯೋಕೆ ಬರಲ್ವಾ ನಿನಗೆ?’ ಎಂದು ಅಜ್ಜಿ ಬರೆದಳು. ಅಲ್ಲಿಂದ ಕಾಗದಗಳು ನಿಲ್ಲಲೇ ಇಲ್ಲ. ಜೈಲಿನಲ್ಲಿ ಅವನನ್ನು ಹೊಲಿಗೆ ಕೆಲಸಕ್ಕೆ ಹಾಕಿದ್ದರು. ಅವನು ಅಂಗೈಯಗಲದ ಬಟ್ಟೆಯ ಮೇಲೆ ಹೊಲಿದು ಕಳಿಸುವುದು, ಅಜ್ಜಿ ಬೈದು ತಿದ್ದುವುದು. ಊಟಕ್ಕೆ ಕೂತಾಗ ಅಮ್ಮ ಕೂಡ, “ನಮ್ಮ ಕಳ್ಳ ಏನು ಬರೆದಿದ್ದಾನೆ?” ಎಂದು ಕೇಳುತ್ತಿದ್ದಳು.

ಆಮೇಲೆ ಅಜ್ಜಿ ಸ್ಟೂಲಿನಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಬಂತು. ಬರೆಯುವ ಕೆಲಸ ಬಟನ್ ಪಾಲಿಗೆ ಬಂತು.

ಬಟನ್‌ಗೆ ಪಾಪ ಅನ್ನಿಸುತ್ತಿತ್ತು. ಮೊದಲೇ ಬೀಗ ಹಾಕಿಟ್ಟಿದ್ದಾರೆ, ಮೇಲೆ ಬೈಗುಳ ಬೇರೆ. ಅಜ್ಜಿಯ ಕತೆಗಳಲ್ಲಿ ಕಳ್ಳರ ಹತ್ತಿರ ಯಾರೂ ಒಳ್ಳೆಯ ಮಾತಾಡುತ್ತಿರಲಿಲ್ಲ. ಅದಕ್ಕೇ ಅವರು ಕತೆ ಮುಗಿಯುವವರೆಗೂ ಕಳ್ಳರಾಗಿಯೇ ಉಳಿಯುತ್ತಿದ್ದರು ಎಂಬುದು ಅವಳ ಲೆಕ್ಕ.

ಕಳ್ಳನ ಉತ್ತರಗಳು ಗಿಡ್ಡವಾದವು. ಬಟ್ಟೆ ತುಂಡು ಬರುವುದು ನಿಂತಿತು. “ಬೈದಿದ್ದಕ್ಕೆ ವಂದನೆಗಳು ಅಂತ ಬರೀತಾನಲ್ಲೇ. ತಲೆಗಿಲೆ ಕೆಟ್ಟಿದೆಯಾ ಇವನಿಗೆ?” ಎಂದಳು ಅಜ್ಜಿ. ಬಟನ್ ನೆಲದ ಮೇಲಿನ ದಾರದ ಚೂರುಗಳನ್ನು ಬಹಳ ಶ್ರದ್ಧೆಯಿಂದ ಆರಿಸಿದಳು.

ಒಂದು ಮಧ್ಯಾಹ್ನ, ಜೈಲಿನ ಮುದ್ರೆ ಒತ್ತಿದ ಇನ್ನೊಂದು ಕಾಗದ ಬಂತು. ಅಜ್ಜಿ ಕನ್ನಡಕ ಹಾಕಿಕೊಂಡು ಓದಿದಳು. ಬಟನ್ ಹಿಂದಿನಿಂದ ಇಣುಕಿದಳು.

‘ಅಮ್ಮನವರಿಗೆ ನಮಸ್ಕಾರಗಳು. ನೀವು ಬೈದು ಬಹಳ ದಿನವಾಯಿತು. ಅಕ್ಷರವೂ ನಿಮ್ಮದಲ್ಲ. ಯಾರಿಗೋ ವಹಿಸಿಬಿಟ್ಟಿದ್ದೀರಿ. ಹೀಗೆ ಮರ್ಯಾದೆಯಿಂದ ಮಾತಾಡಿ ಬಾಗಿಲು ಹಾಕಿಕೊಂಡವರನ್ನು ಬಹಳ ಜನ ನೋಡಿದ್ದೇನೆ. ನಿಮಗೂ ಸಾಕಾಗಿರಬೇಕು. ಹೊಲಿಗೆ ಬಿಟ್ಟು ತೋಟದ ಕೆಲಸ ಕೇಳಿದ್ದೇನೆ. ಇನ್ನು ಮುಂದೆ ಬರೆದು ತೊಂದರೆ ಕೊಡುವುದಿಲ್ಲ.’

ಅಜ್ಜಿ ಕಾಗದವನ್ನು ಮಡಚಿದಳು. ಬಟನ್‌ಳನ್ನು ನೋಡಿದಳು. ಬಟನ್ ಕಿವಿ ಮುಚ್ಚಿಕೊಳ್ಳಲು ಸಿದ್ಧಳಾದಳು.

“ಊಟ ಮಾಡು ಹೋಗಮ್ಮ,” ಎಂದಳು ಅಜ್ಜಿ.

ಅಷ್ಟೇ.

ಸಂಜೆ ಬಟನ್ ಚಪ್ಪಲಿಗಳನ್ನು ಬಾಗಿಲಿಗೆ ಅಡ್ಡ ಬಿಟ್ಟಳು. ಬೇಕೆಂದೇ ಬಿಟ್ಟಳು. ಅಜ್ಜಿ ಅವನ್ನು ದಾಟಿಕೊಂಡು ಹೋದಳು. ಬಟನ್ ಬಟ್ಟೆ ಕತ್ತರಿಸುವ ಕತ್ತರಿಯಿಂದ ಪೇಪರ್ ಕತ್ತರಿಸಿದಳು. ಬೇರೆ ದಿನವಾಗಿದ್ದರೆ ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಅಜ್ಜಿ, “ಆಯ್ತಾ? ಅಲ್ಲೇ ಇಟ್ಟುಬಿಡಮ್ಮ,” ಎಂದಳು.

ಆ ‘ಅಮ್ಮ’ ಕೇಳಿ ಬಟನ್‌ಗೆ ಯಾರದೋ ಮನೆಯಲ್ಲಿ ಕೂತ ಹಾಗಾಯಿತು. ಆಮೇಲೆ ಪೆನ್ನು, ಹಾಳೆ ತಂದು ಅಜ್ಜಿಯ ಮುಂದೆ ಇಟ್ಟಳು.

“ಅಜ್ಜೀ, ಬೈಯಿ.”

“ಯಾರನ್ನ?”

“ಮೊದಲು ನನ್ನನ್ನ. ನೀನು ಹೇಳಿದ್ದು ಒಂದೂ ಬರೀಲಿಲ್ಲ ನಾನು. ಆಮೇಲೆ ಕಳ್ಳಮಾಮನ್ನ.”

ಅಜ್ಜಿ ಉಸಿರು ಎಳೆದುಕೊಂಡಳು. “ಕೋತಿ. ಬಾಯಲ್ಲೊಂದು ಕೈಯಲ್ಲೊಂದು. ನನ್ನ ಬೈಗುಳ ಕತ್ತರಿಸೋಕೆ ನೀನ್ಯಾರೇ? ಕತ್ತರಿ ಮೊಂಡಾಯ್ತು, ಚಪ್ಪಲಿ ಅಡ್ಡ ಬಿದ್ದಿದೆ...” ಅದು ಬಹಳ ಹೊತ್ತು ನಡೆಯಿತು. ಬಟನ್ ಚಪ್ಪಲಿಗಳನ್ನು ಜೋಡಿಸಿಟ್ಟು ಬಂದು ಪೆನ್ನು ಹಿಡಿದಳು. ಈ ಸಲ ಒಂದು ಕತ್ತೆಯನ್ನೂ ಬಿಡಲಿಲ್ಲ. ಕೊನೆಗೆ ತಾನೇ ಒಂದು ಸಾಲು ಸೇರಿಸಿದಳು: ‘ಬೈಗುಳ ಬಿಟ್ಟಿದ್ದು ನಾನು. ಅಜ್ಜಿಗೆ ಸಾಕಾಗಿಲ್ಲ. ಇಂತಿ, ಬಟನ್.’

ಉತ್ತರ ಬರುವ ಹೊತ್ತಿಗೆ ಅಜ್ಜಿಯ ಪ್ಲಾಸ್ಟರ್ ತೆಗೆದಿದ್ದರು. ಲಕೋಟೆಯಲ್ಲಿ ಒಂದು ಬಟ್ಟೆ ತುಂಡಿತ್ತು, ಅದರ ಮೇಲೊಂದು ಹೊಸ ಕಾಜಾ. ‘ಅಮ್ಮಾ, ಬೈಗುಳ ತಲುಪಿತು. ತೋಟದ ಕೆಲಸ ಬೇಡ ಅಂದೆ,’ ಎಂದಿತ್ತು. ಕೆಳಗೆ ಬೇರೆಯಾಗಿ ಬರೆದಿತ್ತು:

‘ಬಟನ್‌ಗೆ. ಇದೇನು ಅಕ್ಷರವೋ, ಇರುವೆ ಮಸಿಯಲ್ಲಿ ಬಿದ್ದು ಎದ್ದು ಓಡಿದ ಗುರುತೋ? ಹಾಳೆಯ ಮೇಲೆ ಗೆರೆ ಇರುವುದು ಯಾತಕ್ಕೆ, ಮಂಗ?’

ಬಟನ್ ಅದನ್ನು ಓದಿದಳು. ಮತ್ತೆ ಓದಿದಳು.

“ಏನಂತೆ?” ಎಂದಳು ಅಜ್ಜಿ.

“ನನಗೂ ಬಂತು.”

ಅವಳು ಹಾಳೆ ತೆಗೆದುಕೊಂಡಳು. ಬಟ್ಟೆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಜ್ಜಿಯ ಹಾಗೇ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಒಂದೊಂದೇ ಅಕ್ಷರವನ್ನು ಗೆರೆಯ ಮೇಲೆ ನೆಟ್ಟಗೆ ಕೂರಿಸುತ್ತ ಬರೆದಳು:

‘ಕಳ್ಳಮಾಮ, ನಿನ್ನ ಕಾಜಾ ಇನ್ನೂ ಸೊಟ್ಟಗಿದೆ.’