ಕುರಿ ಬಿಟ್ಟ ಜಾಗ

ಇದನ್ನು ಹೇಳಿದರೆ ನಮ್ಮ ಮನೆಯವರು ನಗುತ್ತಾರೆ, ನಗಲಿ. ಉದಗಾಂವದಲ್ಲಿ ಮನೆಗೆ ಹತ್ತಿದ ನಮ್ಮ ಹೊಲದಲ್ಲಿ ಕಬ್ಬು ಕಡಿದ ಮೇಲೆ, ಗೊಬ್ಬರಕ್ಕೆಂದು ಕುರುಬ ಮಲ್ಲಾರಿಯ ಹಿಂಡು ನಿಲ್ಲಿಸುವುದು ರೂಢಿ. ಹೋದ ವರ್ಷ ಅಲ್ಲೇ ಒಂದು ಕಾಲೇಜಿನವರು ಕಬ್ಬಿಣದ ಸಲಾಕೆ ಹುಗಿದು ವಾಯರ್ ಎಳೆದಿದ್ದರು. ಭೂಕಂಪಕ್ಕೆ ಮೊದಲು ನೆಲದೊಳಗೆ ಕರೆಂಟು ಹರಿಯುತ್ತದೆಯೇ ಎಂದು ನೋಡಲಿಕ್ಕಂತೆ.

ಒಂದು ಮುಂಜಾನೆ ಮಲ್ಲಾರಿ ಕರೆದ. "ವೈನಿ, ಇಲ್ಲಿ ನೋಡ್ರಿ. ಒಂದ್ ಕುರೀನೂ ಈ ಪಟ್ಟಿ ಮ್ಯಾಲ ಮಲಗಿಲ್ಲ."

ಹಿಂಡಿನ ನಡುವೆ ಬೈತಲೆ ತೆಗೆದ ಹಾಗೆ ನೆಲ ಖಾಲಿ. ಸುತ್ತಲೂ ಇಬ್ಬನಿ, ಅಲ್ಲಿ ಮಾತ್ರ ಒಣ ಮಣ್ಣು. ಚಪ್ಪಲಿ ಬಿಟ್ಟು ಕಾಲಿಟ್ಟೆ. ಬೆಚ್ಚಗಿತ್ತು. ಚಿಕ್ಕಂದಿನಲ್ಲಿ ಬ್ಯಾಟರಿ ಸೆಲ್ಲು ನೆಕ್ಕಿದಾಗಿನ ಹುಳಿ ಬಾಯಿಗೆ ಬಂತು.

ಕಾಲೇಜಿನ ಹುಡುಗಿ ವಾಯರಿನ ತುದಿಯ ಯಂತ್ರ ನೋಡಿ, "ಇದ್ರಾಗ ಏನೂ ಬಂದಿಲ್ಲರಿ ಕಾಕೂ" ಎಂದಳು.

ಅಂದು ಮಧ್ಯಾಹ್ನ ಭೂಮಿ ಸಣ್ಣಗೆ ನಡುಗಿತು. ಅಡಿಗೆಮನೆಯ ಮಾಂಡಣಿ ಹಲಗೆಯ ಮೇಲಿನ ಭಾಂಡೆ-ಪಾತ್ರೆಗಳು ಗಲಗಲ ಎಂದವು, ಅಷ್ಟೇ. ಸಂಜೆ ಕುರಿಗಳು ಅದೇ ಪಟ್ಟಿಯ ಮೇಲೆ ಒತ್ತೊತ್ತಾಗಿ ಮಲಗಿದವು.

ಈ ವರ್ಷ ಸಲಾಕೆಯೂ ಇಲ್ಲ, ವಾಯರೂ ಇಲ್ಲ. ಮೊನ್ನೆ ಹಿಂಡು ಬಂತು; ಇವತ್ತು ಮುಂಜಾನೆ ನೋಡಿದರೆ ಮತ್ತೆ ಆ ಬೈತಲೆ. ಈ ಸಲ ಅದು ನೇರವಾಗಿ ನಮ್ಮ ಅಡಿಗೆಮನೆಯ ಕಡೆಗೆ ಬಂದಿದೆ.

ದಿನಾ ಹೊಸ್ತಿಲ ಒಳಗೆ ಕೂತು ಚಹಾ ಕುಡಿಯುವ ಮಲ್ಲಾರಿ ಅಂಗಳದಲ್ಲೇ ನಿಂತ.

"ಒಳಗ ಬಾರಪಾ," ಎಂದೆ.

"ಬ್ಯಾಡ್ರಿ ವೈನಿ," ಎಂದ. ಆಮೇಲೆ ಮೆಲ್ಲಗೆ, "ನೀವೂ ಹೊರಗ ಬರ್ರಿ."

ಬರಿಗಾಲಿಗೆ ಅಡಿಗೆಮನೆಯ ಫರಸಿಕಲ್ಲಿನ ನೆಲ ಬೆಚ್ಚಗೆ ಹತ್ತಿತು. ನಾನಿನ್ನೂ ಒಲೆ ಹಚ್ಚಿರಲಿಲ್ಲ.