ಐದನೇ ಕುರ್ಚಿ ಖಾಲಿಯಾದಾಗ

ಅವಳು ಸಂದರ್ಶನದ ಕೋಣೆಯ ಬಾಗಿಲಿಗೆ ಕೈ ಹಾಕಬೇಕು, ಅಷ್ಟರಲ್ಲಿ ಒಳಗಿನಿಂದ ಅವನೇ ಹೊರಗೆ ಬಂದ. ಅವಳ ಮುಖ ನೋಡಲಿಲ್ಲ. ಪಕ್ಕಕ್ಕೆ ಸರಿದು ನಡೆದೇಬಿಟ್ಟ.



ಸಂದರ್ಶನ ಮಾಡುವ ಐವರಲ್ಲಿ ಅವಳ ಬರಹವನ್ನು ಪೂರ್ತಿ ಓದಿದವನು ಅವನೊಬ್ಬನೇ. ಅವಳು ಪಾಠ ಮಾಡುವ ವಿಶ್ವವಿದ್ಯಾಲಯದಲ್ಲೇ ತತ್ತ್ವಶಾಸ್ತ್ರದ ಮೇಷ್ಟ್ರು. ಶಿಕ್ಷಣ ಯಾಕೆ, ಯಾರಿಗಾಗಿ ಎಂದು ಕ್ಯಾಂಟೀನಿನಲ್ಲಿ ಚಹಾ ಆರಿಹೋಗುವವರೆಗೆ ಅವಳೊಡನೆ ವಾದ ಮಾಡುತ್ತಿದ್ದವನು. ಇವತ್ತು ಶಿಕ್ಷಣ ತತ್ತ್ವಶಾಸ್ತ್ರದ ಖಾಯಂ ಪ್ರಾಧ್ಯಾಪಕಿ ಹುದ್ದೆ ಸಿಗದಿದ್ದರೆ, ಅವಳ ಗುತ್ತಿಗೆ ಕೆಲಸವೂ ಈ ತಿಂಗಳಿಗೆ ಮುಗಿಯಿತು.

'ನನ್ನ ಬಗ್ಗೆ ಒಳಗೆ ಏನು ಹೇಳಿ ಬಂದರು... ನನ್ನ ಪರ ನಿಲ್ಲೋಕೆ ನಾಚಿಕೆಯಾಯಿತೇ?'

"ಬನ್ನಿ, ಕೂತ್ಕೊಳ್ಳಿ," ಎಂದರು ಸಂದರ್ಶನ ಸಮಿತಿಯ ಅಧ್ಯಕ್ಷೆ, ಕನ್ನಡಕದ ಮೇಲಿನಿಂದ ಅವಳನ್ನು ಅಳೆಯುತ್ತ.

ಅವನ ಖಾಲಿ ಕುರ್ಚಿ ಕಣ್ಣಿಗೆ ಚುಚ್ಚುತ್ತಿತ್ತು. ತನ್ನ ಕುರ್ಚಿಯ ತುದಿಯಲ್ಲಷ್ಟೇ ಕೂತಳು. ಓದಿದವರಿಗೆ ಭಯ ಕಡಿಮೆ ಎಂದು ಯಾರು ಹೇಳಿದರೋ!

"ಹೆದರಿಸದೆ ಮಕ್ಕಳಿಗೆ ಕಲಿಸೋಕಾಗಲ್ಲ ಅಂತಾರೆ. ನೀವೇನಂತೀರಿ?"

ಅದು ಅವಳ ಸಂಶೋಧನೆಯ ವಿಷಯವೇ. ಆದರೆ ಒಂದು ವಾಕ್ಯವೂ ನೆನಪಾಗಲಿಲ್ಲ... ಕೊನೆಗೆ ಇದ್ದದ್ದನ್ನೇ ಹೇಳಿದಳು.

"ಮೇಡಂ, ಈಗ ನನಗೆ ತುಂಬಾ ಭಯ ಆಗಿದೆ. ಉತ್ತರ ಗೊತ್ತು, ಆದ್ರೆ ಬಾಯಿಗೆ ಬರ್ತಿಲ್ಲ. ಹೆದರಿದ ಮಗುವಿಗೂ ಹೀಗೇ ಆಗುತ್ತೆ. ನಾವು ಅದನ್ನ ದಡ್ಡು ಅಂತೀವಿ."

ಒಬ್ಬರು ಪೆನ್ನು ಕೆಳಗಿಟ್ಟರು.

"ನೀರು ಕುಡೀರಿ," ಎಂದರು ಅಧ್ಯಕ್ಷೆ. "ಕುಡಿದು, ನಿಧಾನವಾಗಿ ಮುಂದಕ್ಕೆ ಹೇಳಿ."

ಹೇಳಿದಳು. ಏನು ಹೇಳಿದಳೋ ಅವಳಿಗೇ ಗೊತ್ತಿಲ್ಲ.

"ಹೊರಗೆ ಕೂತಿರಿ. ತೀರ್ಮಾನ ಮಾಡಿ ಕರೀತೀವಿ."

ಹೊರಗೆ ಬೆಂಚಿನ ಮೇಲೆ ಅವನು ಕೂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಯಾಕೆ ಎದ್ದು ಬಂದ್ರಿ ಸರ್? ನಾನು ಅಷ್ಟು ಬೇಡವಾದ್ನಾ?"

"ಒಬ್ಬೊಬ್ಬರನ್ನ ಕರೆಯೋ ಮುಂಚೆಯೂ, ಇವರು ನಿಮಗೆ ಬೇಕಾದವರಾ ಅಂತ ನಮ್ಮನ್ನ ಕೇಳ್ತಾರೆ. ಹೌದು ಅಂದವರು ಹೊರಗೆ ಹೋಗಬೇಕು. ನಾನು... ಹೌದು ಅಂದೆ."

"ಅಂದ್ರೆ?"

"ಏನು ಸಂಬಂಧ ಅಂತ ಕೇಳಿದ್ರು. ಸದ್ಯಕ್ಕೆ ಏನೂ ಇಲ್ಲ, ಮದುವೆ ಆಗೋ ಆಸೆ ಇದೆ, ಅವರಿಗೆ ಇನ್ನೂ ಹೇಳಿಲ್ಲ ಅಂದೆ."

ಅವಳಿಗೆ ನಗು, ಅಳು, ಸಿಟ್ಟು ಒಟ್ಟಿಗೇ ನುಗ್ಗಿ ಬಂದವು.

"ನನಗೆ ಹೇಳೋ ಮೊದಲು ನಾಲ್ಕು ಜನಕ್ಕೆ ಹೇಳಿದ್ರಾ?"

"ಅವರು ಕೇಳಿದ್ರು. ನೀವು ಯಾವತ್ತೂ ಕೇಳಲೇ ಇಲ್ವಲ್ಲ."

"ಒಳಗೆ ಭಯದಿಂದ ಸಾಯ್ತಿದ್ದೆ ರೀ. ಸುಮ್ಮನೆ ಕೂತು ನನ್ನ ಪರ ಒಂದು ಮಾತು ಆಡಬಹುದಿತ್ತು."

"ಆಡಬಹುದಿತ್ತು. ಆಮೇಲೆ ಈ ಕೆಲಸ ನಾನು ಗಳಿಸಿದ್ದಾ, ಇವರು ಕೊಡಿಸಿದ್ದಾ ಅಂತ ಜೀವನಪೂರ್ತಿ ನಿಮ್ಮನ್ನ ಕೊರೀತಿತ್ತು."

ಅವಳು ಅವನ ಪಕ್ಕದಲ್ಲಿ ಕುಸಿದು ಕೂತಳು. ಕೆಲಸ ಹೋಗುವ ಭಯ ಹಾಗೇ ಇತ್ತು. ಅದರ ಮೇಲೆ ಈಗ ಇವನೂ ಕೈತಪ್ಪಿದರೆ ಎಂಬ ಭಯ...

"ತೀರ್ಮಾನ ಬರಲಿ," ಎಂದ ಅವನು. "ಆಮೇಲೆ ಯೋಚಿಸಿ ಹೇಳಿ."

"ಬೇಡ. ಕೆಲಸ ಸಿಕ್ಕಿದ್ರೆ, ಆ ಖುಷಿಗೆ ಒಪ್ಪಿದಳು ಅಂದ್ಕೋತೀರಿ. ಸಿಗದಿದ್ರೆ, ದಿಕ್ಕಿಲ್ಲದೆ ಒಪ್ಪಿದಳು ಅಂದ್ಕೋತೀರಿ. ಈಗಲೇ ಹೇಳ್ತೀನಿ. ನನಗೆ ಒಪ್ಪಿಗೆ."

ಬಾಗಿಲು ತೆರೆಯಿತು. ಅಧ್ಯಕ್ಷೆ ಅವಳನ್ನು ಒಳಗೆ ಬರುವಂತೆ ಸನ್ನೆ ಮಾಡಿದರು. ಅವರ ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

"ಕರೀತಿದ್ದಾರೆ... ಕೈ ಬಿಡಿ," ಎಂದಳು ಅವಳು, ಏಳುತ್ತ.

"ನಾನು ಹಿಡಿದಿಲ್ಲ," ಎಂದ ಅವನು ಮೆಲ್ಲಗೆ. "ನೀವೇ ಹಿಡ್ಕೊಂಡಿದ್ದೀರಿ."