ಅಡಚಣೆಗಾಗಿ ಕ್ಷಮಿಸಿ

ಆಗ ನಾನು ಟಿ.ವಿ. ಕೇಂದ್ರದಲ್ಲಿ ಟೆಲಿಫೋನ್ ಆಪರೇಟರ್. ಭಾನುವಾರ ಮಧ್ಯಾಹ್ನದ ನಮ್ಮ ದೆವ್ವದ ಧಾರಾವಾಹಿ ನೋಡಿ ಜನ ಹೆದರಿ ಫೋನ್ ಮಾಡುವುದು ಮಾಮೂಲು. ನಾವು ನಕ್ಕು ಸುಮ್ಮನಾಗುತ್ತಿದ್ದೆವು.

ಆ ಭಾನುವಾರ ಟೇಪು ಕಿತ್ತುಹೋಗಿ, ಅರ್ಧ ಗಂಟೆ ‘ಅಡಚಣೆಗಾಗಿ ಕ್ಷಮಿಸಿ’ ಎಂಬ ಬರಹವೊಂದೇ ಪ್ರಸಾರವಾಯಿತು. ನನ್ನೆದುರಿನ ಟಿ.ವಿ.ಯಲ್ಲಿ ಕಣ್ಣಾರೆ ನೋಡಿದ್ದೇನೆ.

ಆದರೂ ಫೋನುಗಳು ನಿಲ್ಲಲಿಲ್ಲ.

“ಆ ಹೆಂಗಸು ತಲೆ ಬಾಚೋದನ್ನ ನಿಲ್ಲಿಸಿ ಮೇಡಂ, ಮಗು ಕಿಟಾರನೆ ಕಿರುಚ್ತಿದೆ,” ಎಂದರು ಒಬ್ಬರು.

“ಟಿ.ವಿ. ಆಫ್ ಮಾಡಿದ್ರೂ ಬಾಚಣಿಗೆ ಸದ್ದು ಹೋಗ್ತಿಲ್ಲ,” ಎಂದು ಇನ್ನೊಬ್ಬರು ಅತ್ತರು.

ಫೋನ್ ಮಾಡಿದ ಹದಿನೇಳು ಜನರೂ ಹೇಳಿದ್ದು ಅದನ್ನೇ. ರಿಸೀವರ್ ಒತ್ತಿದ್ದ ನನ್ನ ಕಿವಿ ಮಂಜುಗಡ್ಡೆಯಂತಾಗಿತ್ತು.

ಕೊನೆಯ ಫೋನು ಅಮ್ಮನದು. ಅವಳಿಗೆ ಸಿಟ್ಟು ನೆತ್ತಿಗೇರಿತ್ತು.

“ಧಾರಾವಾಹೀಲಿ ಸೇರ್ಕೊಂಡಿದೀನಿ ಅಂತ ಒಂದು ಮಾತು ಹೇಳ್ಬಾರ್ದಿತ್ತೇನೇ?”

“ನಾನೆಲ್ಲಮ್ಮಾ ಸೇರ್ಕೊಂಡೆ?”

“ಸುಮ್ನಿರು. ಬೆನ್ನು ತೋರಿಸಿ ತಲೆ ಬಾಚ್ತಾ ಕೂತ್ರೆ ನನ್ನ ಮಗಳು ನಂಗೆ ಗೊತ್ತಾಗಲ್ವಾ? ಇಗೋ, ಈಗ ತಿರುಗ್ತಿದೀಯ...”

ಅಮ್ಮನ ಮಾತು ಥಟ್ಟನೆ ನಿಂತಿತು.

“ಅಮ್ಮಾ?”

“ನನ್ನೇ ನೋಡಿ, ‘ಅಮ್ಮಾ, ಫೋನಿಡು’ ಅಂದ್ಯಲ್ಲೇ,” ಎಂದಳು ಪಿಸುದನಿಯಲ್ಲಿ. “ಹಾಗಾದ್ರೆ ಫೋನಲ್ಲಿರೋ ನೀನು ಯಾರು?”

ಅಮ್ಮನಿಗೆ ಈಗ ಎಂಬತ್ತು. ಇವತ್ತಿಗೂ ನನ್ನೊಡನೆ ಫೋನಿನಲ್ಲಿ ಮಾತಾಡುವುದಿಲ್ಲ.